ಭವಿಷ್ಯತ್ ಕಾಲದ ಕೆಳಗೆ ಒಂದು ಕಮೆಂಟು

೧

‘ಗೋಕಾಕದ ತರಬೇತಿ ಕೋಣೆಯಲ್ಲಿ ಇಪ್ಪತ್ತೆಂಟು ಶಿಕ್ಷಕರು ಬ್ಲಾಗು ಕಲಿಯಲು ಕೂತಿದ್ದರು.’

ಹೀಗೆ ಶುರುಮಾಡಿ ಅಳಿಸಿದೆ. ಸುತ್ತೋಲೆಯ ವಾಸನೆ ಹೊಡೆಯುತ್ತದೆ. ಇಪ್ಪತ್ತೆಂಟು ಜನರನ್ನು ಕಟ್ಟಿಕೊಂಡು ನಾವೇನು ಮಾಡೋಣ? ನಮಗೆ ಬೇಕಾದವರು ಒಬ್ಬರೇ. ರಾಜೇಶ್ವರಿ, ನಲವತ್ತೊಂಬತ್ತು ವರ್ಷ, ಕೌಜಲಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾರೆ. ಮೂಡಲಗಿಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ಇನ್ನೊಬ್ಬರಿಲ್ಲ. ಹಾಗಾದರೆ ಹೀಗೆ ಬರೆಯಲೇ: ‘ರಾಜೇಶ್ವರಿ ಒಂಟಿಯಾಗಿದ್ದರು.’

“ಹಂಗ ಬರೀಬ್ಯಾಡ್ರಿ,” ಎಂದರು ರಾಜೇಶ್ವರಿ. “ಓದಾವ್ರು ಅಯ್ಯೋ ಪಾಪ ಅಂತಾರ. ನನಗ ಅದು ಸೇರೂದಿಲ್ಲ.”

(ಓದುಗರೇ, ಗಾಬರಿಯಾಗಬೇಡಿ. ಈ ಕಥೆಯ ಪಾತ್ರ ನನ್ನ ಜೊತೆ ಮಾತಾಡುತ್ತದೆ. ನಾನು ಗೋಕಾಕದ ನನ್ನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ, ಅವರು ಅದರೊಳಗಿದ್ದಾರೆ. ಇವತ್ತು ಬೆಳಗಿನಿಂದ ನನ್ನ ಜೊತೆ ಮಾತಾಡಿದವರು ಅವರೊಬ್ಬರೇ. ಬಾಯಿ ಮುಚ್ಚಿಸುವ ಧೈರ್ಯ ನನಗಿಲ್ಲ.)

೨

“ನನ್ನ ಸುದ್ದಿ ಬಿಡ್ರಿ. ಮೊದಲ ಸತ್ತೆವ್ವನ ಬಗ್ಗೆ ಹೇಳ್ರಿ.”

ಆಗಲಿ. ಸತ್ತೆವ್ವ ಹತ್ತನೇ ತರಗತಿ. ಅವಳ ಅಪ್ಪ ಬೀರಸಿದ್ದಪ್ಪನಿಗೆ ಇನ್ನೂರು ಕುರಿಗಳಿವೆ. ದೀಪಾವಳಿ ಮುಗಿದ ಮೇಲೆ ಮನೆಯವರು ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಾರೆ. ಪ್ರತಿ ವರ್ಷ ಹುಡುಗಿಯನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಿದ್ದರು. ಈ ವರ್ಷ ಅಜ್ಜಿ ತೀರಿಕೊಂಡಳು. ಹುಡುಗಿ ಕುರಿಗಳ ಜೊತೆ ಹೋದಳು. ಅವಳು ಮಾರ್ಚ್ ಪರೀಕ್ಷೆಗೆ ವಾಪಸು ಬರುತ್ತಾಳೋ ಇಲ್ಲವೋ? ಕಥೆ ಇಷ್ಟೇ. ಉಳಿದದ್ದೆಲ್ಲ ನನ್ನ ಚಟ.

ಬ್ಲಾಗು ಯಾಕೆ, ವಾಟ್ಸಾಪ್ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ.

“ಅವರಪ್ಪನ ಫೋನಿನ್ಯಾಗ ಜಾಗಾನ ಇಲ್ರಿ. ಪೂರಾ ಕುರಿ ಫೋಟೋ ತುಂಬ್ಯಾವ. ಬ್ಲಾಗ್ ಅಂದ್ರ ನೆಟ್ ಬಂದಾಗ ತಗದು ಓದಬಹುದು. ಪಾಠ ಅಲ್ಲೇ ಕುಂತಿರ್ತೈತಿ, ಕಾಯ್ಕೊಂತ.”

೪

(ಮೂರನೆಯದರಲ್ಲಿ ತಂತ್ರಜ್ಞಾನ ಮತ್ತು ಗ್ರಾಮೀಣ ಶಿಕ್ಷಣದ ಬಗ್ಗೆ ಅರ್ಧ ಪುಟ ಚಿಂತನೆ ಮಾಡಿದ್ದೆ. ಓದಿ ನನಗೇ ನಿದ್ದೆ ಬಂತು. ತೆಗೆದೆ.)

ತರಬೇತಿಯಲ್ಲಿ ಕಲಿಸಿದವನು ಸುನೀಲ ಎಂಬ ಚುರುಕಿನ ತರುಣ. “ಮೇಡಂ, ನಿಮ್ಮ ಟಾರ್ಗೆಟ್ ಆಡಿಯನ್ಸ್ ಯಾರ್ರಿ?” ಎಂದು ಕೇಳಿದ.

“ಒಬ್ಬಾಕಿ,” ಎಂದರು ರಾಜೇಶ್ವರಿ. ಹಾಲ್ ತುಂಬ ನಗು. ಅವರೊಬ್ಬರೇ ನಗಲಿಲ್ಲ.

ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಸುನೀಲ ತೋರಿಸಿಕೊಟ್ಟ. ರಾಜೇಶ್ವರಿ ಮೂಡಲಗಿಗೆ ಬಂದು, ಬಾಗಿಲು ಹಾಕಿಕೊಂಡು, ಫೋನಿಗೆ ಪಾಠ ಮಾಡಿದರು: “ಇದರಾಗ ಲೋಪಸಂಧಿ ಐತಿ.” ಫೋನಿಗೆ ನಮ್ಮ ಕಡೆಯ ಕನ್ನಡದ ಗಂಧಗಾಳಿ ಇಲ್ಲ. ಅದು ಬರೆದುಕೊಂಡದ್ದು: ‘ಇದರಾಗೆ ಲೋಪಸಂಧಿ ಅತಿಥಿ.’ ನೋಡದೆ ಪಬ್ಲಿಷ್ ಒತ್ತಿ, ಬೀರಸಿದ್ದಪ್ಪನ ಫೋನಿಗೆ ಬ್ಲಾಗಿನ ವಿಳಾಸ ಮೆಸೇಜು ಮಾಡಿಬಿಟ್ಟರು. ಎರಡು ದಿನಕ್ಕೆ ಸತ್ತೆವ್ವನ ಮೊದಲ ಕಮೆಂಟು ಬಂತು: ‘ಅಕ್ಕೋರ, ಅತಿಥಿ ಅಂದ್ರ ಯಾವ ಸಂಧಿರಿ?’

ಆ ಮನೆಯಲ್ಲಿ ಅವರು ಅಷ್ಟು ಜೋರಾಗಿ ನಕ್ಕು ಎಷ್ಟೋ ವರ್ಷವಾಗಿತ್ತು. ಅಂದಿನಿಂದ ಒಂದೇ ಬೆರಳಲ್ಲಿ ಟೈಪ್ ಮಾಡತೊಡಗಿದರು. ಪಾಠಗಳ ಕೆಳಗೆ ಅವಳ ಕಮೆಂಟುಗಳು ಬರುತ್ತ ಹೋದವು. ‘ಈಗ ಹುಕ್ಕೇರಿ ಕಡೆ ಘೋಡಗೇರಿ ಹೊಲದಾಗ ಅದೇವ್ರಿ.’ ‘ಸಮಾಸ ತಿಳೀತ್ರಿ.’ ‘ಈಗ ನಿಡಸೋಸಿ. ಕಾಲೇಜ್ ಕಂಪೌಂಡಿನ ಬಾಜೂಕ ನೆಟ್ ಚಲೋ ಬರತೈತ್ರಿ.’

ಸಂಜೆ ಶಾಲೆ ಬಿಟ್ಟ ಮೇಲೆ ಮನೆಗೆ ಬರಲು ಅವರಿಗೊಂದು ಕಾರಣ ಸಿಕ್ಕಿತ್ತು. (ಈ ವಾಕ್ಯಕ್ಕೆ ಅವರು ಆಕ್ಷೇಪ ಎತ್ತಲಿಲ್ಲ. ಕಿಟಕಿಯ ಕಡೆ ನೋಡಿದರು ಅಷ್ಟೇ.)

೫

ಫೆಬ್ರುವರಿ ಕೊನೆಯಲ್ಲಿ ಹಾಕಿದ ಪಾಠ ಭವಿಷ್ಯತ್ ಕಾಲದ್ದು. ನಾನು ಬರೆಯುವೆನು, ಅವಳು ಓದುವಳು, ಅವರು ಬರುವರು. ಕೊನೆಗೆ ಅಭ್ಯಾಸ: ‘ಭವಿಷ್ಯತ್ ಕಾಲದಲ್ಲಿ ಒಂದು ಸ್ವಂತ ವಾಕ್ಯ ಬರೆಯಿರಿ.’ ಅದರ ಕೆಳಗೆ ಇನ್ನೊಂದು ಸಾಲು: ‘ನಿನ್ನ ಹಾಲ್ ಟಿಕೆಟ್ ಬಂದಿದೆ. ಯಾವಾಗ ಬರುತ್ತೀ?’

ಐದು ದಿನ ಏನೂ ಬರಲಿಲ್ಲ. ಆರನೆಯ ದಿನ ಬಂತು:

‘ಬರ್ತೇನ್ರಿ ಅಕ್ಕೋರ.’

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಬರ್ತಾಳಂತ್ರಿ! ಮುಗೀತ್ ಕಥಿ!”

ರಾಜೇಶ್ವರಿ ಫೋನು ಹಿಡಿದುಕೊಂಡೇ ಕೂತಿದ್ದರು.

“ನೀವು ಯಾರದರ ಮನ್ಯಾಗಿಂದ ಎದ್ದ ಹೊಂಟಾಗ ಏನಂತೀರಿ?”

ನಾನು ಮೆಲ್ಲಗೆ ಕೂತೆ. ನಮ್ಮಲ್ಲಿ ಎದ್ದು ಹೊರಟವರು ‘ಹೋಗ್ತೇನಿ’ ಎನ್ನುವುದಿಲ್ಲ, ಅದು ಅಪಶಕುನ. ನಾಳೆ ಬರುವವರೂ ‘ಬರ್ತೇನಿ’ ಎನ್ನುತ್ತಾರೆ, ಮತ್ತೆಂದೂ ಬರದವರೂ ‘ಬರ್ತೇನಿ’ ಎನ್ನುತ್ತಾರೆ. ಬಾಗಿಲಲ್ಲಿ ನಿಂತು ಹೇಳಿದರೆ ದನಿಯಲ್ಲಿ ಗೊತ್ತಾಗುತ್ತದೆ. ಕಮೆಂಟಿಗೆ ದನಿ ಇಲ್ಲ.

“ಅಭ್ಯಾಸದ ಉತ್ತರ ಆಗಿರಬಹುದಲ್ರಿ?” ಎಂದೆ.

“ಹಂಗಾದ್ರ ತಪ್ಪ ಉತ್ತರ. ‘ಬರುವೆನು’ ಅಂತ ಆಗಬೇಕಿತ್ತು.” ಫೋನು ಕೆಳಗಿಟ್ಟು ಹೇಳಿದರು, “ತಪ್ಪ ಉತ್ತರ ಆಗಿದ್ರ ಸಾಕ್ರಿ. ಕೆಂಪ ಶಾಯಿಲೆ ತಿದ್ದಿ ಕೊಟ್ಟಬಿಡತಿದ್ದೆ.”

ಬೀರಸಿದ್ದಪ್ಪನ ಫೋನಿಗೆ ಹದಿನಾಲ್ಕು ಸಲ ಹಚ್ಚಿದರು. ಸ್ವಿಚ್ ಆಫ್.

೬

ಭಾನುವಾರ ಅವರನ್ನು ನಿಡಸೋಸಿಗೆ ಕಳಿಸಿದೆ. (ಕಳಿಸಿದೆ ಎನ್ನುವುದು ನನ್ನ ಜಂಬ. ನಾನು ವಾಕ್ಯ ಹುಡುಕುತ್ತಿರುವಾಗಲೇ ಅವರು ಬಸ್ಸು ಹತ್ತಿದ್ದರು.) ಕುರಿ ನಿಲ್ಲಿಸಿದ್ದ ಹೊಲ ಸಿಕ್ಕಿತು. ನೆಲದ ತುಂಬ ಹಿಕ್ಕೆ, ಮೂರು ಕಲ್ಲಿನ ಒಲೆ, ತಣ್ಣಗಿನ ಬೂದಿ. ಹೊಲದ ಮಾಲೀಕ ಅಣ್ಣಾಸಾಹೇಬ ನೀರು ಕೊಟ್ಟು ಹೇಳಿದ:

“ನಾಕ ದಿನ ಆತ್ರಿ ಅವರು ಹೋಗಿ. ಗಡಿ ದಾಟಿ ಮಹಾರಾಷ್ಟ್ರದ ಕಡೆ ಹೋಗ್ತೇವಿ ಅಂದ್ರು. ಸತ್ತೆವ್ವನ ಅವ್ವ ಯಲ್ಲವ್ವನ ಕಾಲ ಮುರದೈತಿ. ರೊಟ್ಟಿ, ಮರಿ ಎಲ್ಲಾ ಆ ಹುಡಗೀನ ನೋಡ್ತಾಳ. ಅಕಿ ಇಲ್ಲಂದ್ರ ಅವರದು ನಡಿಯೂದಿಲ್ರಿ.”

ವಾಪಸು ಬರುವ ಬಸ್ಸಿನಲ್ಲಿ ಅವರು ಏನು ಯೋಚಿಸಿದರು ಎಂದು ಬರೆಯಬೇಕು. ನನಗೆ ಗೊತ್ತಿಲ್ಲ.

೭

ಕಥೆಗೊಂದು ಅಂತ್ಯ ಬೇಕಲ್ಲ. ಮೂರು ಮಾಡಿದೆ.

ಅ) ಪರೀಕ್ಷೆಯ ದಿನ ಬೆಳಿಗ್ಗೆ ಸತ್ತೆವ್ವ ಕೌಜಲಗಿಯಲ್ಲಿ ಬಸ್ಸಿಳಿದಳು.

“ಯಾವ ಬಸ್ಸಿನ್ಯಾಗ ಬಂದ್ಳು? ಅವ್ವನ ಹಂತೇಕ ಯಾರ್ನ ಬಿಟ್ಟ ಬಂದ್ಳು?” ಎಂದರು ರಾಜೇಶ್ವರಿ. ನಾನು ಬಸ್ಸಿನ ವೇಳಾಪಟ್ಟಿ ಹುಡುಕತೊಡಗಿದೆ. “ನಿಮಗ ಗೊತ್ತಿಲ್ಲಂದ್ರ ಅಕಿ ಬಂದಿಲ್ರಿ. ನೀವು ಬರದ ಮಾತ್ರಕ್ಕ ಬಂದಂಗ ಆಗೂದಿಲ್ಲ.”

ಆ) ಬೆಂಚು ಖಾಲಿ ಉಳಿಯಿತು.

“ಇದನ್ನ ಬರಿಯಾಕ ನಿಮಗ ಕೈಯರ ಹೆಂಗ ಬಂತ್ರಿ?”

ಇ) ಇದನ್ನು ಹೇಳಲು ನಾಚಿಕೆಯಾಗುತ್ತದೆ. ಅವರು ಅಡಿಗೆಮನೆಗೆ ಹೋದಾಗ ಸತ್ತೆವ್ವನ ಹೆಸರಿನಲ್ಲಿ ನಾನೇ ಒಂದು ಕಮೆಂಟು ಹಾಕಿದೆ. ಕೀಬೋರ್ಡು ನನ್ನ ಕೈಯಲ್ಲೇ ಇತ್ತು. ‘ಮೇಡಂ, ಚಿಂತಿ ಮಾಡಬ್ಯಾಡ್ರಿ, ಪರೀಕ್ಷಾಕ್ಕ ಖರೇನ ಬರ್ತೀನಿ.’ ಹೊರಗೆ ಬಂದು ಓದಿದರು. ಅವರ ಮುಖ ಅರಳಿತು. ಆಮೇಲೆ ಇನ್ನೊಮ್ಮೆ ಓದಿದರು.

“ಅಕಿ ನನಗ ಅಕ್ಕೋರ ಅಂತಾಳ್ರಿ. ಮೇಡಂ ಅನ್ನೂದಿಲ್ಲ.”

ಅವರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

“ನಿಮಗ ಯಾರರ ಒಬ್ಬರು ಓದಾವ್ರು ಸಿಕ್ಕರ ಸಾಕು. ನನಗ ಅಕೀನ ಬೇಕು. ಇಷ್ಟ ಫರಕ್ ಐತಿ ನೋಡ್ರಿ,” ಎಂದು ನನ್ನ ಕಮೆಂಟನ್ನು ಡಿಲೀಟ್ ಮಾಡಿದರು.

ಖರೆ. ಹದಿನೇಳು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಓದಿದೆ ಎಂದು ಹೇಳಲು ಯಾರೂ ಬಂದಿಲ್ಲ, ಯಾರಾದರೂ ಬಂದರೆ ಸಾಕು ಎಂದು ನಾನು ಕಾಯುತ್ತಿದ್ದೇನೆ.

೮

‘ಈ)’ ಎಂದು ಹಾಕಿ ಇನ್ನೊಂದು ಅಂತ್ಯ ಹುಡುಕುವ ಉಮೇದು ನನಗೆ ಉಳಿದಿಲ್ಲ. ಈಗ ಸಂಜೆ. ರಾಜೇಶ್ವರಿ ಭವಿಷ್ಯತ್ ಕಾಲದ ಪಾಠ ತೆರೆದು, ಸತ್ತೆವ್ವನ ಕಮೆಂಟಿನ ಕೆಳಗೆ ಬೆರಳಿಟ್ಟಿದ್ದಾರೆ. ಹನ್ನೊಂದು ದಿನವಾಯಿತು, ಅದಕ್ಕೆ ಉತ್ತರ ಕೊಟ್ಟಿರಲಿಲ್ಲ. ಉತ್ತರ ಕೊಟ್ಟರೆ ಒಂದು ಅರ್ಥ ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಭಯ.

ಒಂದೇ ಅಕ್ಷರ ಒತ್ತಿದರು: ‘ಬಾ.’

“ಬೀಳ್ಕೊಟ್ಟಿರೋ, ಕರದಿರೋ?” ಎಂದೆ.

“ಎರಡಕ್ಕೂ ನಾವು ‘ಬಾ’ ಅಂತೇವ್ರಿ. ಇದು ವಿಧ್ಯರ್ಥ. ಇದಕ್ಕ ಕಾಲ ಇಲ್ಲ.” ಪಬ್ಲಿಷ್ ಒತ್ತಿದರು. “ನೀವಿನ್ನ ನಿಮ್ಮ ಕಥಿ ನಿಲ್ಲಸ್ರಿ. ನಾ ಇಲ್ಲೆ ಇರ್ತೀನಿ.”

ಪರೀಕ್ಷೆಗೆ ಇನ್ನೂ ಒಂಬತ್ತು ದಿನವಿದೆ. ಕಥೆಯನ್ನು ಅಲ್ಲಿಯವರೆಗೆ ನಾನು ಒಯ್ಯುವುದಿಲ್ಲ. ನಿಮಗೊಂದು ಮಾತು ಮಾತ್ರ ಹೇಳಬೇಕು. ಆ ಬ್ಲಾಗಿನ ಮೂಲೆಯಲ್ಲಿ, ಇವತ್ತು ಎಷ್ಟು ಜನ ನೋಡಿದರು ಎಂಬ ಒಂದು ಅಂಕಿ ಕಾಣುತ್ತದೆ. ಸದ್ಯ ಅಲ್ಲಿ 1 ಎಂದಿದೆ. ಅದು ರಾಜೇಶ್ವರಿಯೇ. ಅದು 2 ಆದರೆ ಸತ್ತೆವ್ವ ಬಂದಳೆಂದು ಅವರು ಎದ್ದು ನಿಲ್ಲುತ್ತಾರೆ. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಮರುಕ ಬಂತೆಂದು ಆ ಪುಟ ಹುಡುಕಿ ತೆರೆಯಬೇಡಿ.

ನನಗೂ ನೋಡಬೇಕೆನಿಸುತ್ತಿದೆ. ನಾನೂ ತೆರೆಯುವುದಿಲ್ಲ.