ಅಳಿಸಿದ ಗೀಟು

ಕೋಟಿನ ಎಡತೋಳಿಗೆ ಗುರುತು ಹಾಕಿ ಮುಗಿದಿತ್ತು. ಅತ್ತಿಗೆ ಬಲತೋಳಿನ ಮೇಲೆ ಸ್ಕೇಲು ಇಟ್ಟು, ಮೊಣಕೈ ಬಾಗುವ ಜಾಗದ ತನಕ ಚಾಕ್‌ಪೀಸಿನ ಗೀಟನ್ನು ತಂದಿದ್ದಳು. ಅಷ್ಟರಲ್ಲಿ ನಾದಿನಿ, ದಿನಾ ಬರುವ ಹೊತ್ತಿಗಿಂತ ಮೊದಲೇ, ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕೈಯಲ್ಲಿ ಆ ಚೌಕುಳಿ ಹಾಳೆಯ ಪುಸ್ತಕ. ಅದನ್ನು ಕಂಡದ್ದೇ ಅತ್ತಿಗೆಯ ಕೈ ನಿಂತಿತು. ಗೀಟು ಅರ್ಧಕ್ಕೇ ಉಳಿಯಿತು.

"ಕೆಲಸ ಮುಗಿಸ್ಕೊಳ್ಳಿ ಅತ್ತಿಗೆ, ನನಗೇನೂ ಅವಸರ ಇಲ್ಲ," ಎಂದು ನಾದಿನಿ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಕಿಟಕಿಯ ಕೆಳಗೆ ಕೂತಿದ್ದ ಕಾಜಾ ದೊಡ್ಡಮ್ಮ ಕನ್ನಡಕದ ಮೇಲಿನಿಂದ ಇಬ್ಬರನ್ನೂ ಒಮ್ಮೆ ನೋಡಿ, ಮತ್ತೆ ಸೂಜಿಗೆ ಬಗ್ಗಿದಳು. ಗುಂಡಿಯ ತೂತಿಗೆ ಕೈಯಲ್ಲೇ ನೂಲು ಸುತ್ತಿ ಕಾಜಾ ಕಟ್ಟುವುದರಲ್ಲಿ ಅವಳನ್ನು ಮೀರಿಸುವ ಯಂತ್ರ ಇನ್ನೂ ಬಂದಿಲ್ಲವೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಯಾರೂ ಅಲ್ಲಗಳೆದಿರಲಿಲ್ಲ.

ಅಂಗಡಿ ಅತ್ತಿಗೆಯದ್ದು. ಎರಡು ಹೊಲಿಗೆ ಯಂತ್ರ, ಬಟ್ಟೆಯ ಅಂಚು ಕಟ್ಟುವ ಒಂದು ಓವರ್‌ಲಾಕ್, ಕಿಟಕಿಯ ಬೆಳಕು ನೇರ ಬೀಳುವ ಹಾಗೆ ಹಾಕಿದ ಕತ್ತರಿಸುವ ಮೇಜು. ಎರಡು ವರ್ಷದ ಹಿಂದೆ ಆ ಮೇಜಿನ ತುದಿಯಲ್ಲೇ ಫೋನು ಒರಗಿಸಿಟ್ಟುಕೊಂಡು ಅವಳು ಷೇರು ಪೇಟೆ ಓದುವುದನ್ನು ಕಲಿತಿದ್ದಳು. ಬೆಲೆ ಏರುವಾಗ ಒಂದೇ ಸಮನೆ ಏರುವುದಿಲ್ಲ. ಏರುತ್ತದೆ, ಸ್ವಲ್ಪ ತಗ್ಗುತ್ತದೆ, ಮತ್ತೆ ಏರುತ್ತದೆ. ಆ ತಗ್ಗುಗಳ ತಳಗಳನ್ನು ಸೇರಿಸಿ ಒಂದು ಗೀಟು ಎಳೆದರೆ ಅದೇ ಟ್ರೆಂಡ್‌ಲೈನ್. ಬೆಲೆ ಆ ಗೀಟಿನ ಮೇಲೆ ಇರುವಷ್ಟು ದಿನ ಪೇಟೆಯ ಮೈಕಟ್ಟು ಗಟ್ಟಿಯಾಗಿದೆ ಎಂದು ಅರ್ಥ. ದಿನದ ಕೊನೆಗೆ ಗೀಟಿನ ಕೆಳಗೆ ಬಂದು ನಿಂತರೆ, ಮಾರಿ ಹೊರಗೆ ಬರಬೇಕು. ಇಪ್ಪತ್ತಾರು ವರ್ಷ ಬಟ್ಟೆಯ ಮೇಲೆ ಗೀಟು ಎಳೆದವಳಿಗೆ ಇದು ಹೊಸ ವಿದ್ಯೆ ಅನ್ನಿಸಲೇ ಇಲ್ಲ.

ನಾದಿನಿ ಬಂದದ್ದು ಆಮೇಲೆ. ಗಂಡನ ಈ ತಂಗಿ ಹನ್ನೊಂದು ವರ್ಷದ ಸಂಸಾರ ಬಿಟ್ಟು ಒಂದು ಸೂಟ್‌ಕೇಸು ಹಿಡಿದು ಬಂದಿದ್ದಳು. ಅವಳ ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವಳು ಕಂಡದ್ದನ್ನು ಕಂಡಿಲ್ಲ ಅನ್ನುತ್ತಿದ್ದ, ಅಷ್ಟೆ. ಜೇಬಿನಲ್ಲಿ ಇನ್ನೊಬ್ಬಳ ಕಾಗದ ಸಿಕ್ಕಿದರೆ, ನೀನು ಸರಿಯಾಗಿ ನೋಡಿಲ್ಲ. ಬೀದಿಯಲ್ಲಿ ಆ ಇನ್ನೊಬ್ಬಳ ಜೊತೆ ಎದುರಿಗೇ ಸಿಕ್ಕಿಬಿದ್ದರೆ, ಅದು ನಾನಲ್ಲ, ಹೋಗಿ ಕಣ್ಣು ತೋರಿಸಿಕೋ. ಅವಳು ನಿಜವಾಗಿಯೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಕಣ್ಣು ಚೆನ್ನಾಗಿತ್ತು.

ಅಂಥವಳ ಕೈಗೆ ಅತ್ತಿಗೆಯೇ ಪೆನ್ಸಿಲು ಕೊಟ್ಟಿದ್ದಳು. "ಫೋನಲ್ಲಿ ನೋಡಿದ್ರೆ ಸಾಲದು, ನೀನೇ ಬರಿ. ಕೈ ಬರೆದದ್ದನ್ನ ಕಣ್ಣು ನಂಬುತ್ತೆ," ಎಂದಿದ್ದಳು. ಅಂದಿನಿಂದ ಪೇಟೆ ಮುಚ್ಚಿದ ಮೇಲೆ ದಿನಾ ನಾದಿನಿ ಆ ದಿನದ ಬೆಲೆಯನ್ನು ಚೌಕುಳಿಯಲ್ಲಿ ಪುಟ್ಟ ಕಂಬವಾಗಿ ಬರೆಯುತ್ತಿದ್ದಳು, ಸ್ಕೇಲು ಇಟ್ಟು ತಳಕ್ಕೆ ಗೀಟು ಎಳೆಯುತ್ತಿದ್ದಳು. ಬಣ್ಣ ತಯಾರಿಸುವ ಒಂದು ಕಂಪನಿಯ ಷೇರನ್ನು ಇಬ್ಬರೂ ಕೊಂಡರು. ಅತ್ತಿಗೆ ಅಂಗಡಿಯ ಉಳಿತಾಯದಿಂದ, ನಾದಿನಿ ತನ್ನದೇ ಒಂದು ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟದ್ದರಿಂದ. ಬೆಲೆ ಏರಿದ ಹಾಗೆ ನಾದಿನಿಯ ಬೆನ್ನೂ ನೇರವಾಗುತ್ತ ಬಂತು. ಗಿರಾಕಿಗಳ ಜೊತೆ ಅಳತೆಯ ವಿಷಯದಲ್ಲಿ ವಾದ ಮಾಡುವಷ್ಟು ಆಗಿದ್ದಳು.

ಮೂರು ವಾರದ ಹಿಂದಿನ ಮಂಗಳವಾರ ಅವಳು ಇದೇ ಸ್ಟೂಲಿನ ಮೇಲೆ ಕೂತು ಕೇಳಿದ್ದಳು: "ಅತ್ತಿಗೆ, ಇವತ್ತು ಗೀಟಿನ ಕೆಳಗೆ ನಿಂತಿದೆ ಅಲ್ವಾ? ಮಾರ್ಬೇಕು ಅಲ್ವಾ?"

ಅತ್ತಿಗೆ ಅದನ್ನು ಅರ್ಧ ಗಂಟೆ ಮೊದಲೇ ಫೋನಿನಲ್ಲಿ ನೋಡಿದ್ದಳು. ನೋಡಿ, ಒಪ್ಪದೆ, ಹಿಂದಿನ ದಿನಗಳ ಸರಾಸರಿ ತೋರಿಸುವ ಗೆರೆಯನ್ನು ಕೇಳಿದ್ದಳು. ಅದು ಮಾರು ಅಂದಿತು. ಏರಿಕೆಗೆ ಇನ್ನೂ ಎಷ್ಟು ಕಸುವಿದೆ ಎಂದು ಹೇಳುವ ಆರ್‌ಎಸ್‌ಐ ಹಾಕಿದಳು. ಅದೂ ಮಾರು ಅಂದಿತು. ಮತ್ತೊಂದು, ಮಗದೊಂದು. ತಾನು ಬಯಸಿದ ಮಾತು ಕೇಳಿಸುವ ತನಕ ಮನೆಮನೆಯ ಬಾಗಿಲು ತಟ್ಟುವವರ ಹಾಗೆ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಅವಳು ಗೀಟಿನ ತುದಿಯನ್ನೇ ಬೆರಳಿನಿಂದ ಹಿಡಿದು ಕೆಳಕ್ಕೆ ಎಳೆದು, ಆ ದಿನದ ಬೆಲೆಯ ತಳಕ್ಕೇ ಸಿಕ್ಕಿಸಿದಳು. ಈಗ ಬೆಲೆ ಗೀಟಿನ ಮೇಲೇ ಕೂತಿತ್ತು. ಫೋನಿನ ಪರದೆ ಅದಕ್ಕೆ ಏನೂ ಅನ್ನಲಿಲ್ಲ.

"ನೀನು ಸರಿಯಾಗಿ ನೋಡಿಲ್ಲ ಕಣೇ," ಎಂದಿದ್ದಳು ನಾದಿನಿಗೆ. "ನಿನ್ನ ಗೀಟು ಒಂಚೂರು ಮೇಲೆ ಹೋಗಿದೆ. ನನ್ನದು ನೋಡು."

ನಾದಿನಿ ಫೋನು ನೋಡಿದಳು, ಪುಸ್ತಕ ನೋಡಿದಳು. "ಓ," ಎಂದಳು. ಮಾರಲಿಲ್ಲ.

ಬೆಲೆ ಮೂರು ವಾರ ಇಳಿಯಿತು. ನಿನ್ನೆ ಇಬ್ಬರೂ ಮಾರಿದರು. ನಾದಿನಿಯ ಯಂತ್ರದಲ್ಲಿ ಅರ್ಧ ಯಂತ್ರ ಹೋಗಿತ್ತು.

"ಬೆಳಿಗ್ಗೆ ಕೂತು ಎಲ್ಲ ಹಾಳೆ ತಿರುವಿ ನೋಡಿದೆ ಅತ್ತಿಗೆ," ಎಂದಳು ಈಗ ನಾದಿನಿ, ಪುಸ್ತಕವನ್ನು ಮೊಣಕಾಲ ಮೇಲೆ ಇಟ್ಟುಕೊಂಡು. "ನಿಮ್ಮ ಗೀಟಿಗೆ ಹೋಲಿಸಿದ್ರೆ ನನ್ನದು ಎಲ್ಲಾ ಓರೆ. ಅಳಿಸಿ ನಿಮ್ಮದರ ಹಾಗೆ ಹಾಕೋಕೆ ನೋಡಿದೆ, ಅದೂ ಕೂರಲಿಲ್ಲ. ಕೊನೆಗೆ ಎಲ್ಲಾನೂ ಅಳಿಸಿಬಿಟ್ಟೆ."

"ಅಲ್ಲ ಕಣೇ," ಎಂದಳು ಕಾಜಾ ದೊಡ್ಡಮ್ಮ ನೂಲು ಕಚ್ಚಿ ತುಂಡು ಮಾಡುತ್ತ, "ಆವತ್ತು ಮಾರೋಣ ಅಂದೆ ಅಂತ ನೀನೇ ಹೇಳಿದ್ದೆ ತಾನೆ? ಮಾರಿದ್ರೆ ಉಳೀತಿತ್ತಲ್ಲ."

"ಅದು ಕತ್ತಲಲ್ಲಿ ಎಸೆದ ಕಲ್ಲು ದೊಡ್ಡಮ್ಮ. ಗೀಟೇ ತಪ್ಪಾಗಿತ್ತು. ತಪ್ಪು ಗೀಟಲ್ಲಿ ಸರಿ ಉತ್ತರ ಬಂದ್ರೆ ನಾನು ಕಲ್ತಿದ್ದು ಏನು?"

"ನನಗೇನು ತಿಳಿಯುತ್ತೆ ಬಿಡಮ್ಮ. ನಿಮ್ಮ ಗೀಟಿಗಿಂತ ನನ್ನ ಕಾಜಾ ವಾಸಿ. ತೂತು ಎಲ್ಲಿದೆ ಅಂತಾದ್ರೂ ಗೊತ್ತಿರುತ್ತೆ."

ನಾದಿನಿ ನಕ್ಕಳು. ಅತ್ತಿಗೆಯೂ ನಗಬೇಕಾಯಿತು. ತುಟಿ ಮಾತ್ರ ಅಗಲವಾಯಿತು.

"ಇನ್ಮೇಲೆ ನಾನು ಬರೆಯೋದಿಲ್ಲ ಅತ್ತಿಗೆ. ನೀವು ಹೇಳಿ, ನಾನು ಮಾಡ್ತೀನಿ. ನನ್ನ ಕಣ್ಣು ಮೊದಲಿಂದಾನೂ ಹಾಗೇ."

ಹೇಳಬೇಕಾದ ಮಾತು ಅತ್ತಿಗೆಯ ನಾಲಿಗೆಯ ತುದಿಗೇ ಬಂದಿತ್ತು. ಉದ್ದವೇನೂ ಇರಲಿಲ್ಲ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ: "ಪರವಾಗಿಲ್ಲ ಬಿಡು. ತಪ್ಪು ಎಲ್ಲರಿಗೂ ಆಗುತ್ತೆ."

"ನೀವು ಬೈಯಲ್ಲ ಅಂತ ಗೊತ್ತಿತ್ತು," ಎಂದು ನಾದಿನಿ ಎದ್ದಳು. ಅವಳ ಮುಖ ಹಗುರವಾಗಿತ್ತು. ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. "ಈಗ ಹಾಳೆಗಳೆಲ್ಲ ಖಾಲಿ ಇವೆ. ಅಳತೆ ಬರ್ಕೊಳ್ಳೋಕೆ ಆಗುತ್ತೆ, ಎಸೀಬೇಡಿ." ಮಡಚಿಟ್ಟ ಪರದೆಗಳ ಗಂಟನ್ನು ಎತ್ತಿಕೊಂಡು, ಗಿರಾಕಿಯ ಮನೆಗೆ ಕೊಟ್ಟು ಬರುತ್ತೇನೆಂದು ಹೊರಟಳು.

ಬಾಗಿಲು ಮುಚ್ಚಿದ ಮೇಲೆ ಅತ್ತಿಗೆ ಚಾಕ್‌ಪೀಸು ಹಿಡಿದೇ ನಿಂತಿದ್ದಳು. ತಾನೇ ಅವಳನ್ನು ಕ್ಷಮಿಸಿಬಿಟ್ಟಳಲ್ಲ. ತನ್ನ ತಪ್ಪನ್ನು ಇನ್ನೊಬ್ಬಳ ಮಡಿಲಿಗೆ ಹಾಕಿ, ಮೇಲಿಂದ ದೊಡ್ಡ ಮನಸ್ಸು ಮಾಡಿ ಕ್ಷಮಿಸಿಯೂ ಬಿಟ್ಟಳಲ್ಲ. ದೊಡ್ಡಮ್ಮನ ಕಡೆ ತಿರುಗದೆ ಪುಸ್ತಕ ತೆರೆದಳು.

ಪುಟ ಖಾಲಿಯಾಗಿರಲಿಲ್ಲ. ಕಿಟಕಿಯ ಬೆಳಕಿಗೆ ಓರೆ ಹಿಡಿದರೆ, ರಬ್ಬರು ಉಜ್ಜಿ ಮಂಕಾದ ಹಾಳೆಯಲ್ಲಿ ಪೆನ್ಸಿಲಿನ ಮೊನೆ ಒತ್ತಿದ ಗುಳಿ ಹಾಗೇ ಇತ್ತು. ಮೂರು ತಗ್ಗು, ಮೂರನ್ನೂ ಮುಟ್ಟಿಕೊಂಡು ಹೋದ ಗೀಟು. ಆ ಮಂಗಳವಾರದ ಕಂಬ ಗೀಟಿನಿಂದ ಎರಡು ಚೌಕ ಕೆಳಗೆ. ಅತ್ತಿಗೆ ಫೋನು ತೆಗೆದು, ತಾನು ಸರಿಸಿದ್ದ ಗೀಟಿನ ತುದಿಯನ್ನು ಮತ್ತೆ ಅದರ ಹಳೆಯ ಜಾಗಕ್ಕೆ ಎಳೆದಳು. ಎರಡೂ ಒಂದೇ. ನಿಜ ಹೇಳಬೇಕೆಂದರೆ ನಾದಿನಿಯದ್ದೇ ಹೆಚ್ಚು ನೇರವಾಗಿತ್ತು. ಬೆರಳಿಗಿಂತ ಪೆನ್ಸಿಲಿನ ಮೊನೆ ಚೂಪು.

ಕಳೆದುಕೊಂಡದ್ದು ನಾನೂ ಹೌದಲ್ಲ, ಎಂದು ಒಂದು ಸಲ ಅಂದುಕೊಂಡಳು. ಆ ಮಾತು ನಿಲ್ಲಲಿಲ್ಲ. ತಾನು ಕಳೆದುಕೊಂಡದ್ದು ಹಣ ಮಾತ್ರ. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆಲ್ಲ ಮೊದಲ ದಿನವೇ ಹೇಳುವ ಮಾತು ನೆನಪಾಯಿತು: ಕತ್ತರಿ ದಾರಿ ತಪ್ಪಿದರೆ ಗೀಟನ್ನು ಅಳಿಸಬೇಡಿ, ಗೀಟು ಇದ್ದರೆ ಎಷ್ಟು ತಪ್ಪಿತೆಂದಾದರೂ ತಿಳಿಯುತ್ತದೆ. ಊರಿಗೆಲ್ಲ ಹೇಳಿ, ತನ್ನ ಸರದಿ ಬಂದಾಗ ಕುಣಿಯಲಾರದವಳು ನೆಲ ಡೊಂಕು ಅಂದಳು. ಅದೂ ಯಾರಿಗೆ. ಹನ್ನೊಂದು ವರ್ಷ ಅದನ್ನೇ ಕೇಳಿ ಕೇಳಿ, ಕೊನೆಗೆ ಈ ಬಾಗಿಲಿಗೆ ಬಂದವಳಿಗೆ. ಅವಳ ಗಂಡ ಬಳಸಿದ ಮಾತನ್ನೇ ತಾನೂ ಬಳಸಿದ್ದಳು, ಒಂದು ಅಕ್ಷರವೂ ಹೆಚ್ಚುಕಡಿಮೆ ಇಲ್ಲದೆ.

"ಆ ಕೋಟು ನಾಳೆ ಕೊಡಬೇಕು ಅಂತಿದ್ದೆ," ಎಂದಳು ದೊಡ್ಡಮ್ಮ ತಲೆ ಎತ್ತದೆ.

"ಕೊಡ್ತೀನಿ."

ನಾದಿನಿ ಒಬ್ಬಳೇ ಸಿಕ್ಕಾಗ ನಿಜ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮಾತು ಮುಗಿಯುವ ಮೊದಲೇ, ಹೋಗ್ಲಿ ಬಿಡಿ ಅತ್ತಿಗೆ, ಅನ್ನುತ್ತಾಳೆ. ಟೀ ಮಾಡಲು ಏಳುತ್ತಾಳೆ. ಅಲ್ಲಿಗೆ ಎಲ್ಲ ಮುಚ್ಚಿಹೋಗುತ್ತದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆ ಪುಸ್ತಕ ಅಳತೆಯ ಪುಸ್ತಕವಾಗುತ್ತದೆ. ಹಾಗಾಗಬಾರದು. ಕೇಳಿಸಿಕೊಳ್ಳುವ ಇನ್ನೊಂದು ಕಿವಿ ಇರಬೇಕು. ಸುಲಭವಾಗಿ ಬಿಟ್ಟುಕೊಡದ ಕಿವಿ.

ಅತ್ತಿಗೆ ಪೆನ್ಸಿಲಿಗೆ ಹುಡುಕಿದಳು. ಡ್ರಾಯರಿನಲ್ಲಿ, ಗುಂಡಿಗಳ ನಡುವೆ, ಮೊಂಡಾದ ಒಂದು ಸಿಕ್ಕಿತು. ಅದನ್ನು ಬ್ಲೇಡಿನಿಂದ ಚೂಪು ಮಾಡಿ ಪುಸ್ತಕದ ಮಡಿಕೆಯಲ್ಲಿ ಇಟ್ಟಳು. ಗುಳಿಯ ಮೇಲೆ ತಾನೇ ಗೀಟು ಎಳೆಯಬೇಕೆಂದು ಕೈ ಒಮ್ಮೆ ತುಡಿಯಿತು. ಎಳೆಯಲಿಲ್ಲ. ಅದು ತನ್ನ ಗೀಟಲ್ಲ.

"ದೊಡ್ಡಮ್ಮ, ನಾಳೆ ಎಷ್ಟು ಹೊತ್ತಿಗೆ ಹೊರಡ್ತೀರಿ?"

"ದಿನಾ ಹೊರಡೋ ಹಾಗೆ ಮೂರಕ್ಕೆ. ಯಾಕೆ?"

ಪೇಟೆ ಮುಚ್ಚುವುದು ಮೂರೂವರೆಗೆ. ನಾದಿನಿ ದಿನಾ ಬರುವುದು ಅದಾದ ಮೇಲೆ.

"ಕಾಜಾ ಜಾಸ್ತಿ ಇವೆ. ನಾಲ್ಕರ ತನಕ ಇರಿ."

"ಒಂದೇ ಕೋಟು ಇದೆ. ಎಲ್ಲಿವೆ ಜಾಸ್ತಿ?"

"ಇವೆ," ಎಂದಳು ಅತ್ತಿಗೆ.

ದೊಡ್ಡಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದಳು. ಕನ್ನಡಕವನ್ನು ಬಟ್ಟೆಯ ಚೂರಿನಿಂದ ಒರೆಸಿ ಹಾಕಿಕೊಂಡಳು. "ಸರಿ, ಇರ್ತೀನಿ."

ಅತ್ತಿಗೆ ಸ್ಕೇಲನ್ನು ಮತ್ತೆ ಬಲತೋಳಿನ ಮೇಲೆ ಇಟ್ಟು, ಬಿಟ್ಟಲ್ಲಿಂದ ಗೀಟನ್ನು ಮುಂದುವರಿಸಿದಳು.