ಎತ್ತಿದ್ದಲ್ಲ, ಒತ್ತಿದ್ದು

ಬಿಳಿಗೆರೆಯ ಶಾಂತಕುಮಾರಿಯ ಹಾರೆಯನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಮೊನೆ ಮೇಲಾಗಿ ಕಣದಲ್ಲಿ ನೆಟ್ಟ ಆ ಕಬ್ಬಿಣದ ಮೇಲೆ ತೆಂಗಿನಕಾಯಿ ಇಟ್ಟು, ಮೈಭಾರವನ್ನೆಲ್ಲ ಬಿಟ್ಟು ಒತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿದಳೆಂದರೆ ಮಟ್ಟೆ ಕಳಚಿ ಕಾಲ ಬಳಿ ಬೀಳುತ್ತಿತ್ತು.

ಕಾಯಿ ಸುಲಿಯುವುದು ಗಂಡಸರ ಕೆಲಸ, ಕೂತು ಕರಟ ಒಡೆದು ಕೊಬ್ಬರಿ ಬಿಡಿಸುವುದು ಹೆಂಗಸರ ಕೆಲಸ ಎನ್ನುವುದು ಆ ಕಡೆಯ ರೂಢಿ. ಒಂದು ವರ್ಷ ಸುಲಿಯುವ ದುರ್ಗಯ್ಯ ಹೇಳಿದ ದಿನಕ್ಕೆ ಬರಲಿಲ್ಲ. ಕರೆಯಲು ಹೋದವಳಿಗೆ, "ಅಷ್ಟು ಅವಸರ ಇದ್ರೆ ನೀನೇ ಸುಲ್ಕೋ ಹೋಗಕ್ಕ" ಎಂದ. ಅವಳು ಮನೆಗೆ ಬಂದು ಸೆರಗು ಸಿಕ್ಕಿಸಿ ಸುಲಿದೇ ಬಿಟ್ಟಳು. ಅಂಗೈ ಕಿತ್ತು ರಕ್ತ ಬಂತು. ಮುಂದಿನ ವರ್ಷ ದುರ್ಗಯ್ಯನ ಆಳುಗಳ ಸಾಲಿನಲ್ಲಿ ಅವಳದೂ ಒಂದು ಹಾರೆ ಎದ್ದಿತು. ಅದರ ಮುಂದಿನ ವರ್ಷದಿಂದ ಸಾಲಿನ ಮೊದಲ ಹಾರೆಯೇ ಅವಳದು. ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿಯನ್ನು ಅಟ್ಟದಿಂದ ಇಳಿಸಿದ ದಿನ ಮೊದಲ ಕಾಯಿ ಅವಳು ಸುಲಿಯಬೇಕು, ಆಮೇಲೆ ಉಳಿದವರು.

ಅಂಥವಳಿಗೆ ಕೆಮ್ಮಿದರೆ, ನಕ್ಕರೆ ಉಚ್ಚೆ ಜಿನುಗುವ ಕಾಯಿಲೆ ಅಂಟಿಕೊಂಡಿತು. ಎರಡು ವರ್ಷದ ಹಿಂದೆ ತುಮಕೂರಿನ ಡಾಕ್ಟರಮ್ಮ ಆಪರೇಷನ್ ಮಾಡಿ, ಮೂತ್ರನಾಳದ ಕೆಳಗೆ ಆಸರೆಯಾಗಿ ತೆಳುವಾದ ಪಟ್ಟಿಯೊಂದನ್ನು ಇಟ್ಟಿದ್ದರು. ಮನೆಗೆ ಕಳಿಸುವಾಗ "ಭಾರ ಎತ್ತಬೇಡಿ" ಎಂದಿದ್ದರು. ಮಾತು ಕೊಟ್ಟರೆ ತಪ್ಪುವ ಹೆಂಗಸಲ್ಲ ಅವಳು. ಕೊಡ ಎತ್ತಲಿಲ್ಲ, ಕಾಯಿ ಮಂಕರಿ ಎತ್ತಲಿಲ್ಲ. ಮೊಮ್ಮಗಳು ದಾನೇಶ್ವರಿ ಕೈ ಚಾಚಿ ಕಿರುಚಿದರೂ ಎತ್ತಿಕೊಳ್ಳಲಿಲ್ಲ. ಜಿನುಗುವುದು ನಿಂತಿತು. ಶೆಟ್ಟಿಕೆರೆಯ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟು ಹೊಟ್ಟೆ ಹಿಡಿದು ನಕ್ಕು ಬಂದಳು.

ಈಗ ಅದು ಮತ್ತೆ ಬಂದಿತ್ತು. ಹಾರೆಯ ಮುಂದೆ ನಿಂತಾಗಲೇ ಹೆಚ್ಚು. ಸೀರೆ ಒದ್ದೆಯಾದದ್ದು ಕಾಣದಿರಲೆಂದು, ಸೆಕೆ ಎಂಬ ನೆಪದಲ್ಲಿ ತೊಟ್ಟಿಯ ನೀರನ್ನು ಮೈಮೇಲೆ ಸುರಿದುಕೊಳ್ಳುತ್ತಿದ್ದಳು. ಕುಡಿಯುವ ನೀರನ್ನೂ ಕಡಿಮೆ ಮಾಡಿದಳು.

ಊರೆಲ್ಲ ನಂಬಿತು, ಸೊಸೆ ಸಿಂಧು ನಂಬಲಿಲ್ಲ. "ಅತ್ತೆ, ಚಳೀಲೂ ನಿಮ್ಗೆ ಸೆಕೆನಾ?"

"ನಿಂಗ್ಯಾಕೆ? ನಿನ್ನ ಮೇಲೆ ಸುರಿದ್ನಾ?"

"ನಿಮ್ಮ ಸೀರೆ ಒಗಿಯೋಳು ನಾನು. ಮತ್ತೆ ಶುರುವಾಗೈತೆ ಅಲ್ವಾ?"

ಶಾಂತಕುಮಾರಿ ಕೈಲಿದ್ದ ಚೊಂಬನ್ನು ಕುಕ್ಕಿದಳು. ಸೋಮವಾರ ಅಟ್ಟದ ಕಾಯಿ ಇಳಿಸುವುದಿತ್ತು. ಮೊದಲ ಹಾರೆಗೆ ನಿಂತರೆ ಗಂಡಸರೆದುರು ಒದ್ದೆಯಾಗಬೇಕು, ನಿಲ್ಲದಿದ್ದರೆ ದುರ್ಗಯ್ಯನಿಗೆ ಜಾಗ ಬಿಡಬೇಕು. ಎರಡೂ ಸಾವೇ. "ಆ ಡಾಕ್ಟ್ರು ಕೆಲಸ ಕೆಡಿಸವ್ಳೆ. ನಡಿ, ಹೋಗಿ ಕೇಳೇ ಬುಡಾಣ!"

ತುಮಕೂರಿನಲ್ಲಿ ಕುರ್ಚಿ ಎಳೆದು ಕೂರುವ ಮೊದಲೇ ಶುರುಮಾಡಿದಳು. "ನೀವು ಹಾಕಿದ ಪಟ್ಟಿ ಕಿತ್ತೋಗೈತೆ ಡಾಕ್ಟ್ರಮ್ಮ."

ಡಾಕ್ಟರಮ್ಮ ಕೋಪಿಸಿಕೊಳ್ಳಲಿಲ್ಲ. "ಜಾರಿರಬಹುದು, ನೋಡೋಣ. ಆದ್ರೆ ಮತ್ತೆ ಬರೋಕೆ ಅದೊಂದೇ ಕಾರಣ ಅಲ್ಲ. ಸೋಂಕಿರಬಹುದು, ಸಕ್ಕರೆ ಕಾಯಿಲೆ ಇರಬಹುದು. ಮಲಬದ್ಧತೆಯಿಂದ ತಿಣುಕಿದರೂ ಆಗುತ್ತೆ. ಮುಟ್ಟು ನಿಂತ ಮೇಲೆ ಒಳಗಿನ ಮಾಂಸ ಬಲ ಕಳ್ಕೊಳ್ಳುತ್ತೆ. ಕೆಲವರಿಗೆ ಮೂತ್ರದ ಚೀಲಾನೇ ಅವಸರ ಮಾಡುತ್ತೆ, ಅದಕ್ಕೆ ಮದ್ದು ಬೇರೆ."

ಪರೀಕ್ಷೆಗಳಾದವು. ಸೋಂಕಿಲ್ಲ, ಸಕ್ಕರೆ ಇಲ್ಲ. ಪಟ್ಟಿ ಇಟ್ಟಲ್ಲೇ ಇತ್ತು.

"ಭಾರ ಏನಾದ್ರೂ ಎತ್ತಿದ್ರಾ?"

"ನಮ್ಮಪ್ಪನಾಣೆ ಇಲ್ಲ! ಮೊಮ್ಮಗೀನೂ ಎತ್ತಿಲ್ಲ. ನನ್ನ ಕಂಡ್ರೆ ಈಗ ಅದು ಮುಖ ತಿರುಗಿಸ್ತದೆ."

ಸಿಂಧು ಮೆಲ್ಲಗೆ ಬಾಯಿ ಹಾಕಿದಳು. "ಅತ್ತೆ, ಕಾಯಿ ಸುಲಿಯೋದು ಹೇಳಿ."

"ಅದನ್ಯಾಕೆ ಹೇಳ್ಲಿ? ಅದೇನು ಎತ್ತೋದೇನೇ? ಅದು ಒತ್ತೋದು ಕಣೇ!"

"ಹೇಗೆ ಒತ್ತೋದು?" ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಇಷ್ಟೂ ಗೊತ್ತಿಲ್ಲವೇ ಎಂಬಂತೆ ಶಾಂತಕುಮಾರಿ ಎದ್ದಳು. ಕಾಲು ಅಗಲಿಸಿ ನಿಂತು, ಕುರ್ಚಿಯ ಬೆನ್ನನ್ನೇ ಹಾರೆ ಮಾಡಿಕೊಂಡು, ಉಸಿರು ಬಿಗಿಹಿಡಿದು, ಹೊಟ್ಟೆ ಕಲ್ಲು ಮಾಡಿ ಒತ್ತಿದಳು. ಒತ್ತಿದವಳು ಹಾಗೇ ನಿಂತುಬಿಟ್ಟಳು. ತೊಡೆಯ ಮೇಲೆ ಬಿಸಿ ಇಳಿದಿತ್ತು.

ಡಾಕ್ಟರಮ್ಮ ತಾವೇ ಎದ್ದು ಟವಲ್ ತಂದು ಕೊಟ್ಟರು. "ದಿನಾ ಹೀಗೆ ಎಷ್ಟು ಕಾಯಿ?"

"ಸುಗ್ಗೀಲಿ ಲೆಕ್ಕ ಯಾರು ಇಟ್ಟವ್ರೆ? ನಾರಿನ ಧೂಳಿಗೆ ಕೆಮ್ಮಿ ಕೆಮ್ಮಿ ಸುಲೀತೀನಿ. ಗಾಯ ಮಾಯ್ತಿದ್ದಂಗೆ ಹಾರೆ ಹಿಡಿದೆ. ನೀವು ಎತ್ತಬ್ಯಾಡ ಅಂದಿದ್ರಿ, ಎತ್ತಲಿಲ್ಲ."

"ಎತ್ತಿದ್ರೂ ಒತ್ತಿದ್ರೂ ಹೊಟ್ಟೆಯ ಒತ್ತಡ ಹೋಗಿ ಬೀಳೋದು ಒಂದೇ ಕಡೆ ಕಣಮ್ಮ, ಮೂತ್ರದ ದಾರಿ ಮೇಲೆ. ಮೇಲಿಂದ ಆ ನಾರಿನ ಧೂಳಿನ ಕೆಮ್ಮು ಬೇರೆ. ನಾನೂ ಒಂದು ಮಾತು ಹೇಳಿ ಸುಮ್ಮನಾದೆ. ಏನು ಕೆಲಸ ಮಾಡ್ತೀರಿ ಅಂತ ಕೇಳಬೇಕಿತ್ತು."

ಕೆಮ್ಮಿಗೆ ಔಷಧಿ ಬರೆದರು. ಉಚ್ಚೆ ತಡೆಯುವಾಗ ಬಿಗಿಯುವ ಮಾಂಸವನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ನರ್ಸ್ ಕಲಿಸಿದಳು. ನೀರು ಕುಡಿಯುವುದನ್ನು ಬಿಡಬಾರದು, ಹಾರೆ ಸದ್ಯಕ್ಕೆ ಮುಟ್ಟಬಾರದು. ಕೆಲವು ತಿಂಗಳಲ್ಲಿ ಗುಣ ಕಾಣದಿದ್ದರೆ ಬೇರೆ ದಾರಿ ನೋಡೋಣ ಎಂದರು.

ಬಾಗಿಲ ತನಕ ಹೋದ ಶಾಂತಕುಮಾರಿ ತಿರುಗಿ ನಿಂತಳು. "ಮೊಮ್ಮಗೀನ?"

"ಕೂತ್ಕೊಂಡು ಮಡಿಲಿಗೆ ಹಾಕ್ಕೊಳ್ಳಿ. ಅದಕ್ಕೆ ಯಾರು ಬೇಡ ಅಂದ್ರು?"

ಸೋಮವಾರ ಕಾಯಿ ಕಣಕ್ಕಿಳಿಯಿತು. ದುರ್ಗಯ್ಯನ ಆಳುಗಳು ಹಾರೆ ನೆಟ್ಟು ಕಾದರು. ಕರಟ ಒಡೆಯುವ ಹೆಂಗಸರು ಆಚೆ ಸಾಲಿನಲ್ಲಿ ಕೂತಿದ್ದರು. ಶಾಂತಕುಮಾರಿ ಬಂದು ತನ್ನ ಹಾರೆಯ ಪಕ್ಕದಲ್ಲಿ ಮಣೆ ಹಾಕಿ ಕೂತಳು.

"ಏನಕ್ಕಾ, ಸೋತು ಕುಂತ್ಯಾ? ಕೊನೆಗೂ ಹೆಂಗಸರ ಸಾಲಿಗೆ ಬಂದೆ ಬುಡು!" ಎಂದು ದುರ್ಗಯ್ಯ ನಕ್ಕ. ಆಳುಗಳೂ ನಕ್ಕರು.

ಸೊಂಟ ಉಳುಕಿದೆ ಎಂದು ನೆಪ ಹೇಳಲು ಸಿಂಧು ಬಾಯಿ ತೆರೆದಳು. ಅತ್ತೆ ಕೈಯೆತ್ತಿ ತಡೆದಳು.

"ಸೋಲೋದು ನಿಮ್ಮಪ್ಪ ಕಣ್ಲಾ. ನಂಗೆ ಉಚ್ಚೆ ನಿಲ್ಲಲ್ಲ. ಆಪರೇಷನ್ ಆದ್ಮೇಲೆ ನಿಂತಿತ್ತು. ಈ ಹಾರೆ ಒತ್ತಿ ಒತ್ತಿ ಮತ್ತೆ ತಂದ್ಕೊಂಡಿದೀನಿ. ಗುಣ ಆಗೋಗಂಟ ಒತ್ತಲ್ಲ. ಇನ್ನೊಂದು ಸಲ ನಗು, ನೋಡಾಣ."

ಹೆಂಗಸರ ಸಾಲಿನಿಂದ ದುರ್ಗಯ್ಯನ ಹೆಂಡತಿ ಬೋರಮ್ಮ ಮಚ್ಚು ಕೆಳಗಿಟ್ಟು ಎದ್ದು ಬಂದಳು. ಗಂಡನ ಕಡೆ ನೋಡಲೂ ಇಲ್ಲ. "ಶಾಂತಕ್ಕ, ಆ ಡಾಕ್ಟ್ರಮ್ಮ ಯಾವ್ ಯಾವ್ ದಿನ ಸಿಕ್ತಾರೆ?"

ದುರ್ಗಯ್ಯನ ಮುಖದ ನಗು ಇಳಿಯಿತು. ಹೆಂಡತಿಯನ್ನು ನೋಡಿದ, ಶಾಂತಕುಮಾರಿಯನ್ನು ನೋಡಿದ. ಅವಳ ಹಾರೆಗೆ ಒಂದು ಹೆಜ್ಜೆ ಮುಂದಾಗಿ ನೆಟ್ಟಿದ್ದ ತನ್ನ ಹಾರೆಯನ್ನು ಕಿತ್ತು, ಹಿಂದಕ್ಕೆ ಸರಿದು ನೆಟ್ಟ. ಮತ್ತೆ ಮೊದಲನೆಯದಾದ ಅವಳ ಹಾರೆ ಬರಿದಾಗಿ, ಮೊನೆ ಮೇಲೆ ಮಾಡಿ ನಿಂತಿತ್ತು.

"ನೀನು ಹೇಳಕ್ಕ, ಶುರು ಮಾಡ್ತೀವಿ," ಎಂದ.

ಸಿಂಧು ಮಗುವನ್ನು ಅತ್ತೆಯ ಮಡಿಲಿಗಿಟ್ಟಳು. ದಾನೇಶ್ವರಿ ಒಂದು ಗಳಿಗೆ ಅನುಮಾನದಿಂದ ನೋಡಿ, ಆಮೇಲೆ ಅಜ್ಜಿಯ ಸರಕ್ಕೆ ಕೈಹಾಕಿ ಜಗ್ಗಿತು. ಶಾಂತಕುಮಾರಿ ರಾಶಿಯಿಂದ ಒಂದು ಕಾಯಿಯನ್ನು ಉರುಳಿಸಿ ದುರ್ಗಯ್ಯನ ಕಾಲಿಗೆ ತಾಗಿಸಿದಳು.

"ಉಸಿರು ಹಿಡೀಬ್ಯಾಡ, ಬುಟ್ಕೊಂಡು ಒತ್ತು. ಹೂಂ, ಸುಲಿ!"

ಕಣದಲ್ಲಿ ಹಾರೆಗಳು ಒಟ್ಟಿಗೆ ಸದ್ದು ಮಾಡಿದವು.