ಹಗೇವಿನ ಬಾಯಲ್ಲಿ ಕೂತ ಚಿಕ್ಕಗಂಗಮ್ಮ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ ಅಂತ ನಿಮ್ಮನ್ನು ಕೇಳಿ ಪ್ರಯೋಜನವಿಲ್ಲ, ನೀವು ಇನ್ನೂ ಓದಿಲ್ಲ. ನನ್ನನ್ನು ಕೇಳಿಯೂ ಪ್ರಯೋಜನವಿಲ್ಲ, ನಾಲ್ಕು ಸಲ ಶುರುಮಾಡಿದ್ದೇನೆ. ಮೊದಲನೆಯದು ಸೂರ್ಯೋದಯದಿಂದ ಶುರುವಾಗಿತ್ತು, ಹರಿದೆ. ಎರಡನೆಯದು ಗಾದೆಯಿಂದ, ಅದನ್ನೂ ಹರಿದೆ. ಮೂರನೆಯದು ನೇರವಾಗಿ ಉಪದೇಶಕ್ಕೇ ಇಳಿದುಬಿಟ್ಟಿತ್ತು. ನಾಲ್ಕನೆಯದರ ಮೇಲೆ ಮಗಳು ಹಾಲು ಚೆಲ್ಲಿದಳು. ನಮ್ಮ ಮನೆಯಲ್ಲಿ ವಿಮರ್ಶೆ ಗೊತ್ತಿರುವುದು ಅವಳೊಬ್ಬಳಿಗೇ.

ತಪ್ಪು ನನ್ನದಲ್ಲ, ಎಡಿಟರ್ ಚಕ್ರಪಾಣಿಯವರದು. (ಲೇಖಕರೆಲ್ಲ ಹೀಗೇ ಹೇಳುತ್ತಾರೆ. ಈ ಸಲ ನಿಜ.) ಇದು ಐವತ್ತಾರನೇ ಇಸವಿ, ಅಕ್ಟೋಬರಿನ ಕೊನೆಯ ವಾರ. ನವೆಂಬರ್ ಒಂದಕ್ಕೆ ಹೊಸ ರಾಜ್ಯ ಹುಟ್ಟುತ್ತದೆ. ಹಳೆ ಮೈಸೂರಿನವರಾದ ನಮಗೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಅಂತ ಮಾಗಡಿ ರಸ್ತೆಯ ಹೋಟೆಲುಗಳಲ್ಲಿ ಕಾಫಿ ಆರಿಹೋಗುವವರೆಗೆ ಜಗಳ. ಚಕ್ರಪಾಣಿಯವರು ತಮ್ಮ ವಾರಪತ್ರಿಕೆಯ ದೀಪಾವಳಿ ಸಂಚಿಕೆಗೆ ಕಥೆ ಕೇಳಿದರು. ಜನ ಗಾಬರಿಯಾಗಿದ್ದಾರೆ, ಭಯ ಬಿಟ್ಟು ಸಮಾಧಾನವಾಗಿರುವುದು ಹೇಗೆಂದು ತೋರಿಸುವ ಕಥೆ ಬೇಕು, ನಾಲ್ಕು ಪುಟ ಸಾಕು, ಮುಕ್ತಾಯ ಶಾಂತವಾಗಿರಲಿ ಅಂದರು.

ಯಾರಿಗೆ ಹೇಳಿದರು ನೋಡಿ. ನಾನು ಸರ್ಕಾರಿ ಗುಮಾಸ್ತ. ಬೊಂಬಾಯಿ ಕಡೆಯವರು, ಹೈದರಾಬಾದ್ ಕಡೆಯವರು ಬಂದು ಸೇರಿದ ಮೇಲೆ ಸೀನಿಯಾರಿಟಿ ಲಿಸ್ಟಿನಲ್ಲಿ ನಾನು ಎಷ್ಟನೆಯವನಾಗುತ್ತೇನೆ ಅಂತ ಈ ಒಂದು ವಾರದಲ್ಲಿ ಆರು ಸಲ ವಿಚಾರಿಸಿದ್ದೇನೆ. ಲಿಸ್ಟೇ ಇನ್ನೂ ತಯಾರಾಗಿಲ್ಲವಂತೆ. ಅದು ಗೊತ್ತಾಗಿ ಇನ್ನಷ್ಟು ಹೆದರಿದೆ.

೨

ನನಗೆ ಸಮಾಧಾನ ಇಲ್ಲದಿದ್ದರೆ ಏನಂತೆ, ಪಾತ್ರಕ್ಕೆ ಇದ್ದರಾಯಿತು. ರಾಜಾಜಿನಗರದ ನಮ್ಮ ಹೊಸ ಮನೆಯಿಂದ ಹೊಲದ ಬದುಗಳ ಮೇಲೆ ನಡೆದರೆ ಹೊಸಹಳ್ಳಿ ಸಿಗುತ್ತದೆ. ಅಲ್ಲೊಬ್ಬ ರೈತ ಹೆಂಗಸನ್ನು ಇಟ್ಟೆ, ಹೆಸರು ಚಿಕ್ಕಗಂಗಮ್ಮ. ಅವಳಿಗೊಬ್ಬ ಗಂಡ, ದೊಡ್ಡಹನುಮಯ್ಯ. ಇಬ್ಬರನ್ನೂ ಸೃಷ್ಟಿಸಿದ್ದು ನಾನು ಅನ್ನುವುದನ್ನು ನೀವಾದರೂ ನೆನಪಿಡಿ, ಅವರಂತೂ ಇಡುವುದಿಲ್ಲ.

ಪ್ಲಾಟು ಸುಲಭವಾಗಿತ್ತು. ಹಿತ್ತಲಲ್ಲಿ ಒಂದು ಹಗೇವು. ಪೇಟೆಯ ಓದುಗರಿಗೆ ಹೇಳಬೇಕೆಂದರೆ, ನೆಲದೊಳಗೆ ತೋಡಿದ ರಾಗಿಯ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ರಾಗಿ ತುಂಬಿ, ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಯುದ್ಧದ ಕಾಲದಲ್ಲಿ ಸರ್ಕಾರ ಲೆವಿ ಅಂತ ಮನೆಮನೆಯ ರಾಗಿ ಎತ್ತಿಕೊಂಡು ಹೋಯಿತಲ್ಲ, ಹೊಸ ರಾಜ್ಯ ಬಂದ ಕೂಡಲೇ ಆ ಲೆವಿ ಮತ್ತೆ ಬರುತ್ತದೆ, ಹಗೇವು ಅಗೆಸುತ್ತಾರೆ ಅಂತ ಊರಿನಲ್ಲಿ ಸುದ್ದಿ. ದೊಡ್ಡಹನುಮಯ್ಯ ನಡುಗುತ್ತಾನೆ, ಚಿಕ್ಕಗಂಗಮ್ಮ ನಾಲ್ಕು ಒಳ್ಳೆಯ ಮಾತು ಹೇಳುತ್ತಾಳೆ, ಅವನು ಸಮಾಧಾನವಾಗುತ್ತಾನೆ. ಮುಗಿಯಿತು ಕಥೆ. ನಾಲ್ಕು ಪುಟವೂ ಬೇಕಾಗಿರಲಿಲ್ಲ.

ಆದರೆ ನಾನು ಪೆನ್ನಿಗೆ ಇಂಕು ತುಂಬಿಕೊಂಡು ಬರುವಷ್ಟರಲ್ಲಿ ದೊಡ್ಡಹನುಮಯ್ಯ ಕೆಂಗೇರಿಯಿಂದ ಬಾಮೈದನನ್ನು ಗಾಡಿ ಸಮೇತ ಕರೆಸಿ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿದ್ದ. ಹಗೇವಿನ ಕಲ್ಲು ಎತ್ತಿಯಾಗಿತ್ತು. ರಾಗಿಯನ್ನೆಲ್ಲ ಇವತ್ತೇ ಕೆಂಗೇರಿಗೆ ಸಾಗಿಸಿ ಬಾಮೈದನ ಮನೆಯಲ್ಲಿ ಅಡಗಿಸಬೇಕಂತೆ.

೨ (ಮತ್ತೆ. ೩ ಬರೆಯುವ ಯೋಗ್ಯತೆ ಇನ್ನೂ ಬಂದಿಲ್ಲ.)

ಮುಚ್ಚಿಟ್ಟ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆಗೆದ ತಕ್ಷಣ ಇಳಿದವನು ಹತ್ತಿ ಬರುವುದಿಲ್ಲ. ಒಂದು ದಿನವಾದರೂ ತೆರೆದು ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ಹೊಸಹಳ್ಳಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ದೊಡ್ಡಹನುಮಯ್ಯನಿಗೆ ಗೊತ್ತಿಲ್ಲವೇ? ನಲವತ್ತು ವರ್ಷದಿಂದ ಇಳಿಯುತ್ತಿದ್ದಾನೆ.

ಅವನು ದೀಪ ಇಳಿಸಿದ. ಮೂರು ಮೊಳ ಹೋಗಿರಲಿಲ್ಲ, ಆರಿತು. ಇನ್ನೊಂದು ಸಲ ಹಚ್ಚಿ ಇಳಿಸಿದ. ಆರಿತು. ಗಾಳಿಗೆ ಆರಿತು ಅಂತ ಬಾಮೈದನಿಗೆ ಹೇಳಿ, ಪಂಚೆ ಎತ್ತಿ ಕಟ್ಟಿ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳತೊಡಗಿದ.

ಗಾಳಿಗಂತೆ! ನೆಲದೊಳಗಿನ ಗುಂಡಿಯಲ್ಲಿ ಯಾವ ಗಾಳಿ ಬೀಸುತ್ತದೆ? ಇಷ್ಟು ದೊಡ್ಡ ಸುಳ್ಳನ್ನು ಮನುಷ್ಯ ತನಗೆ ತಾನೇ ಹೇಳಿಕೊಳ್ಳುತ್ತಾನಲ್ಲ ಅಂತ ನನಗೆ ಮೈಯೆಲ್ಲ ಉರಿದುಹೋಯಿತು. ಕಥೆಗಾರ ನಡುವೆ ಬಾಯಿ ಹಾಕಬಾರದು ಅನ್ನುತ್ತಾರೆ. ಹಾಕಿದೆ. ಸ್ವಲ್ಪ ಸಮಾಧಾನ ಮಾಡಿಕೊಳ್ಳಿ ಗೌಡರೇ, ಅದೆಲ್ಲ ಬರೀ ಪುಕಾರು, ನಾಳೆ ಇಳಿದರಾಯಿತು ಅಂದೆ.

ಅವನು ಹಗ್ಗ ಬಿಗಿಯುತ್ತಲೇ ನನ್ನ ಕಡೆ ತಿರುಗಿದ. "ನೀವು ಮೇಜಿನ ಮುಂದೆ ಕುಂತಿದ್ದೀರ ಸ್ವಾಮಿ, ಸಮಾಧಾನ ಬತ್ತದೆ. ಲೆವಿ ಕಾಲ್ದಾಗೆ ನಮ್ಮಪ್ಪನ್ನ ಚಾವಡಿ ಮುಂದೆ ನಿಲ್ಸಿ, ಊರೋರೆಲ್ಲ ನೋಡಂಗೆ ರುಮಾಲು ಬಿಚ್ಚಿಸಿದ್ರು. ಎಲ್ಡು ಪಲ್ಲ ರಾಗಿ ಮಡಿಕ್ಕಂಡಿದ್ದ ಅಂತ. ನಿಮ್ಮಪ್ಪಂದು ಬಿಚ್ಚಿಸಿದ್ರಾ?"

[ನಮ್ಮಪ್ಪ ಆಗ ಲೆವಿ ಆಫೀಸಿನಲ್ಲೇ ಗುಮಾಸ್ತರು. ಯಾರ ಮನೆಯಲ್ಲಿ ಎಷ್ಟು ಅಡಗಿದೆ ಅಂತ ಪಟ್ಟಿ ಬರೆಯುತ್ತಿದ್ದರು. ಇದನ್ನು ಅವನಿಗೆ ಹೇಳಲಿಲ್ಲ, ನಿಮಗೂ ಹೇಳುವ ಮನಸ್ಸಿರಲಿಲ್ಲ. ನಾಚಿಕೆಯಾಗುತ್ತದೆ.]

೪

ಅಷ್ಟರಲ್ಲಿ ಟೋಲ್‌ಗೇಟ್ ಕಡೆಯಿಂದ ಒಂದು ಸರ್ಕಾರಿ ಜೀಪು ಊರಿಗೆ ಬರುತ್ತಿದೆ ಅಂತ ಬೀದಿಯಲ್ಲಿ ಕೂಗು ಎದ್ದಿತು. ಜೀಪನ್ನು ನಾನು ಹಾಕಿರಲಿಲ್ಲ. ಈ ಕಥೆಯಲ್ಲಿ ಈಗ ನನ್ನ ಅಪ್ಪಣೆ ಯಾರೂ ಕೇಳುತ್ತಿಲ್ಲ.

ನನಗೆ ಉಳಿದಿದ್ದು ಒಂದೇ ಆಸೆ, ಚಿಕ್ಕಗಂಗಮ್ಮ. ಅವಳ ಬಾಯಿಗೆ ಮೊದಲೇ ಒಂದು ಮಾತು ಬರೆದಿಟ್ಟಿದ್ದೆ: 'ಸ್ವಾಮೀ, ಭಯವೆಂಬುದು ಮನದ ಮೋಡ, ವಿವೇಕದ ಸೂರ್ಯನೆದುರು ಅದು ನಿಲ್ಲದು.' ಬೇಗ ಹೇಳಮ್ಮಾ ಅಂತ ಚೀಟಿ ಮುಂದೆ ಹಿಡಿದೆ. ಇಂಥ ಮಾತು ನಮ್ಮಟ್ಟಿಯಲ್ಲಿ ಯಾರೂ ಆಡಲ್ಲ, ಆ ಕಡೆ ಇಕ್ಕಿ ಅಂದುಬಿಟ್ಟಳು. ಸೀದಾ ಹೋಗಿ ಹಗೇವಿನ ಬಾಯಂಚಿನಲ್ಲಿ ಎರಡೂ ಕಾಲು ಒಳಕ್ಕೆ ಇಳಿಬಿಟ್ಟು ಕೂತಳು.

ಗಂಡ ಏಳು ಅಂದ, ಜೀಪು ಬಂತು ಅಂದ, ಕೈ ಹಿಡಿದು ಎಳೆದ. ಅವಳ ಕೈ ನಡುಗುತ್ತಿತ್ತು. (ಎಡಿಟರ್ ಗಮನಿಸಬೇಕು: ಸಮಾಧಾನದ ಪಾತ್ರವೇ ಗಡಗಡ ನಡುಗುತ್ತಿದೆ.) ಅವಳು ಕೈ ಕೊಸರಿಕೊಂಡಳು.

"ನಂಗೂ ಎದೆ ಡವಡವ ಅಂತದೆ. ಅಂಗಂತ ದೀಪ ಉರೀದಿರೋ ಗುಂಡಿಗೆ ಇಳಿಯಾಕಾಯ್ತದಾ? ಇಳಿಯೋದೇ ಆದ್ರೆ ಮೊದ್ಲು ನಾನ್ ಇಳೀತೀನಿ. ನೀನು ಮ್ಯಾಗೆ ನಿಂತ್ಕಂಡು ನನ್ನ ಕೂಗು. ಓ ಅಂತೀನೋ ಇಲ್ವೋ ನೋಡು."

ಇಷ್ಟು ಹೇಳಿ ಎರಡೂ ಕೈ ಊರಿ ಅರ್ಧ ಗೇಣು ಮುಂದೆ ಸರಿದಳು.

ದೊಡ್ಡಹನುಮಯ್ಯ ಹಾಗೇ ನಿಂತ. ಹಗೇವಿನ ಕಪ್ಪು ಬಾಯನ್ನು ಆವತ್ತು ಅವನು ನಿಜವಾಗಿ ನೋಡಿದ್ದು ಆಗಲೇ ಅಂತ ಕಾಣುತ್ತದೆ. ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದು ಕೂರಿಸಿದ. ಸೊಂಟದ ಹಗ್ಗ ಬಿಚ್ಚಿದ. ಬಾಮೈದ ಎತ್ತು ಹೂಡಲೋ ಬೇಡವೋ ಅಂತ ಕೇಳಿದ್ದಕ್ಕೆ ಇವತ್ತು ಇಳಿಯುವುದಿಲ್ಲ, ಹೂಡಿಕೊಂಡು ಹೋಗು ಅಂದ. ಬೇಲಿಯಿಂದ ಒಂದು ಹೊಂಗೆ ಕೊಂಬೆ ಮುರಿದು ತಂದು ಹಗ್ಗಕ್ಕೆ ಕಟ್ಟಿದ. ಸೊಪ್ಪಿನ ಕೊಂಬೆಯನ್ನು ಮೇಲೆ ಕೆಳಗೆ ಎಳೆದಾಡಿದರೆ ಒಳಗಿನ ಕೆಟ್ಟ ಗಾಳಿ ಬೇಗ ಕದಲುತ್ತದೆ. ಗಂಡ ಹೆಂಡತಿ ಇಬ್ಬರೂ ಹಗ್ಗ ಹಿಡಿದರು.

ಉಳಿದದ್ದು

ಇಲ್ಲಿಯವರೆಗೆ ಓದಿದ ಚಕ್ರಪಾಣಿಯವರು ಜೀಪಿನಲ್ಲಿ ಬಂದವರು ಯಾರು ಅಂತ ಕೇಳಿದರು. ಸಂಚಿಕೆ ಅಚ್ಚಿಗೆ ಹೋಗಬೇಕಂತೆ, ಮುಕ್ತಾಯ ಎಲ್ಲಿ ಅಂತ ತಲೆ ತಿನ್ನುತ್ತಿದ್ದಾರೆ. ಬರೆದಿಲ್ಲ ಅಂದುಕೊಂಡಿರಾ? ಮೂರು ಬರೆದೆ. ಒಂದರಲ್ಲಿ ಬಂದವರು ಮಲೇರಿಯಾದವರು, ಗೋಡೆಗೆ ಔಷಧಿ ಹೊಡೆದು, ಬಾಗಿಲ ಮೇಲೆ ನಂಬರು ಬರೆದು ಹೋದರು. ಎಲ್ಲರೂ ನಕ್ಕರು. ನನಗೇ ಅಸಹ್ಯವಾಯಿತು. ಇನ್ನೊಂದರಲ್ಲಿ ಸರ್ವೆಯವರು, ಸರಪಳಿ ತಂದಿದ್ದರು. ರಾಗಿಗಲ್ಲ, ರಾಗಿ ಬೆಳೆಯುವ ಹೊಲಕ್ಕೇ ಬಂದಿದ್ದರು, ಲೇಔಟ್ ಮಾಡಲು. (ನಾನು ಕೂತು ಬರೆಯುತ್ತಿರುವ ಈ ಮನೆಯ ಅಡಿಯಲ್ಲೂ ಯಾರದೋ ಹೊಲವಿದೆ. ಬಾಡಿಗೆ ಕರಾರಿನಲ್ಲಿ ಅದನ್ನು ಬರೆಯುವುದಿಲ್ಲ.) ಮೂರನೆಯದರಲ್ಲಿ ಲೆವಿ ಎತ್ತುವ ಅಮಲ್ದಾರರೇ ಬಂದಿದ್ದರು.

ಯಾವುದನ್ನೂ ಕೊಡುವುದಿಲ್ಲ. ಬಂದವರು ಒಳ್ಳೆಯವರು ಅಂತ ಮೊದಲೇ ಗೊತ್ತಾದಮೇಲೆ ಹೆದರದೆ ಇರುವುದು ಏನು ದೊಡ್ಡ ವಿಷಯ? ನಿಮ್ಮ ಮನೆ ಮುಂದೆ ಜೀಪು ನಿಂತಾಗ ಯಾವ ಲೇಖಕ ಓಡಿಬಂದು ಕಿವಿಯಲ್ಲಿ ಹೇಳುತ್ತಾನೆ? ಅವರಿಬ್ಬರಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ನಿಮಗೂ ಸಾಕು. ಬೇಡವಾದರೆ ಪತ್ರಿಕೆ ಮಡಿಸಿಟ್ಟು ಹಬ್ಬದ ಎಣ್ಣೆ ಹಚ್ಚಿಕೊಳ್ಳಿ.

ಜೀಪು ಮುಂಬಾಗಿಲಲ್ಲಿ ನಿಂತಿತು. ಬೂಟಿನ ಸದ್ದು ಜಗಲಿ ಹತ್ತಿತು. ಒಳಗೆ ಯಾರಿದ್ದೀರಿ ಅಂತ ಗಡಸು ದನಿಯೊಂದು ಕೇಳಿತು. ಹಗೇವು ಬಾಯಿ ತೆರೆದುಕೊಂಡೇ ಇತ್ತು, ಕಲ್ಲು ಮುಚ್ಚಲು ಬೇಕಾದಷ್ಟು ಹೊತ್ತೂ ಇತ್ತು. ಮುಚ್ಚಿಬಿಡು ಅಂತ ಈ ಸಲ ಕೂಗಿದವನು ನಾನು, ಸಮಾಧಾನ ಹೇಳಲು ಹೊರಟಿದ್ದ ನಾನು. ದೊಡ್ಡಹನುಮಯ್ಯ ಕಲ್ಲಿನ ಕಡೆ ನೋಡಿದ, ಪಕ್ಕದಲ್ಲಿ ಉಸಿರುಬಿಡುತ್ತಾ ಕೊಂಬೆ ಎಳೆಯುತ್ತಿದ್ದ ಹೆಂಡತಿಯ ಕಡೆ ನೋಡಿದ.

"ಇದೀವಿ ಸ್ವಾಮಿ" ಅಂದ. "ಇಬ್ರೂ ಇದೀವಿ. ಇತ್ತಲಿಗೆ ಬನ್ನಿ."